ಅಷ್ಟೊಂದು ಸೈನಿಕರು ಸತ್ತದ್ದು ಹೇಗೆ? ಕೆಂಪು ಸೇನೆ, 1941–45

(ಇತಿಹಾಸಾಸಕ್ತರ ಸಭೆಯೊಂದರಲ್ಲಿ ಆಡಿದ ಮಾತುಗಳ ಬರಹ ರೂಪ. ಮಾತಿನಲ್ಲಿ ಎರಡೆರಡು ಸಲ ಬಂದದ್ದನ್ನು ತೆಗೆದಿದ್ದೇನೆ. ಕೊನೆಯಲ್ಲಿ ಬಂದ ಎರಡು ಪ್ರಶ್ನೆಗಳನ್ನು ಉಳಿಸಿಕೊಂಡಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಎರಡನೇ ಮಹಾಯುದ್ಧದಲ್ಲಿ ರಷ್ಯನ್ನರು ಯಾಕೆ ಅಷ್ಟೊಂದು ಸತ್ತರು ಅಂತ ಯಾರನ್ನಾದರೂ ಕೇಳಿ ನೋಡಿ. ಉತ್ತರ ರೆಡಿ ಇರುತ್ತದೆ. ‘ಅವರ ಹತ್ತಿರ ಜನ ಬೇಕಾದಷ್ಟಿದ್ದರು. ಸ್ಟಾಲಿನ್ ಗುಂಪುಗುಂಪಾಗಿ ಮುಂದಕ್ಕೆ ನೂಕಿದ. ಹಿಂದಕ್ಕೆ ಓಡಿಬಂದವರಿಗೆ ಅವರ ಪೊಲೀಸರೇ ಗುಂಡು ಹೊಡೆದರು.’ ಸಿನಿಮಾಗಳಲ್ಲೂ ವಿಡಿಯೋ ಗೇಮ್‌ಗಳಲ್ಲೂ ನಾವು ನೋಡಿರುವುದು ಇದನ್ನೇ. ಇದರಲ್ಲಿ ಸತ್ಯ ಇಲ್ಲವೇ ಇಲ್ಲ ಅಂತ ನಾನು ಹೇಳುತ್ತಿಲ್ಲ. ಆದರೆ ಲೆಕ್ಕ ತೆಗೆದು ಕೂತರೆ ಈ ಉತ್ತರ ನಿಲ್ಲುವುದಿಲ್ಲ. ಇವತ್ತು ಆ ಲೆಕ್ಕವನ್ನೇ ನೋಡೋಣ.

ಮೊದಲು ಸಂಖ್ಯೆ. ಕೆಂಪು ಸೇನೆಯ, ಅಂದರೆ ಸೋವಿಯತ್ ಸೇನೆಯ ಅಧಿಕೃತ ಲೆಕ್ಕ ಹೊರಬಂದದ್ದು 1993ರಲ್ಲಿ. ಜನರಲ್ ಕ್ರಿವೊಶೇವ್ ಮತ್ತು ಅವರ ತಂಡ ಸೇನೆಯ ಕಡತಗಳಿಂದ ತೆಗೆದದ್ದು. ಅದರ ಪ್ರಕಾರ ಸತ್ತ ಸೈನಿಕರು 86.68 ಲಕ್ಷ. 2011ರ ಜನಗಣತಿಯಲ್ಲಿ ಬಿಬಿಎಂಪಿ ವ್ಯಾಪ್ತಿಯ ಇಡೀ ಬೆಂಗಳೂರಿನ ಜನಸಂಖ್ಯೆ 84 ಲಕ್ಷ ಚಿಲ್ಲರೆ ಇತ್ತು. ನೆನಪಿರಲಿ, ಇದು ಬರೀ ಸೈನಿಕರ ಲೆಕ್ಕ. ನಾಗರಿಕರನ್ನೂ ಸೇರಿಸಿದರೆ ಸುಮಾರು 2.7 ಕೋಟಿ. ಅದೇ ಯುದ್ಧದಲ್ಲಿ ನಮ್ಮ ಭಾರತೀಯ ಸೇನೆಯಲ್ಲಿ ಸುಮಾರು 25 ಲಕ್ಷ ಮಂದಿ ಇದ್ದರು. ಸತ್ತವರು ಸುಮಾರು 87 ಸಾವಿರ. ಅದೂ ಸಣ್ಣ ಸಂಖ್ಯೆಯಲ್ಲ. ಪ್ರಮಾಣದ ಅಂದಾಜು ಸಿಗಲಿ ಅಂತ ಹೇಳಿದೆ.

ಈಗ ‘ಜನ ಬೇಕಾದಷ್ಟಿದ್ದರು’ ಅನ್ನುವ ಮಾತು. 1941ರ ಜೂನ್ 22ರ ಬೆಳಗಿನ ಜಾವ ಗಡಿ ದಾಟಿ ಬಂದ ಜರ್ಮನ್ ಸೈನಿಕರು 30 ಲಕ್ಷಕ್ಕೂ ಜಾಸ್ತಿ. ಅವರ ಜೊತೆ ರುಮೇನಿಯಾ, ಫಿನ್ಲೆಂಡಿನಂಥ ದೇಶಗಳ ಪಡೆಗಳು ಬೇರೆ. ಎದುರಿಗೆ ಪಶ್ಚಿಮದ ಗಡಿ ಜಿಲ್ಲೆಗಳಲ್ಲಿ ಇದ್ದ ಕೆಂಪು ಸೇನೆ 30 ಲಕ್ಷಕ್ಕಿಂತ ಕಡಿಮೆ. ಅಂದರೆ ಮೊದಲ ದಿನ ಜನ ಜಾಸ್ತಿ ಇದ್ದದ್ದು ದಾಳಿ ಮಾಡಿದವರ ಕಡೆ! ವರ್ಷದ ಕೊನೆಗೆ ಸೋವಿಯತ್ ಜನಸಂಖ್ಯೆಯ ಸುಮಾರು ನೂರಕ್ಕೆ 40 ಮಂದಿ ವಾಸಿಸುತ್ತಿದ್ದ ನೆಲ ಜರ್ಮನ್ನರ ಕೈ ಸೇರಿತ್ತು. ಆ ಊರುಗಳ ಗಂಡಸರಲ್ಲಿ ಬಹಳ ಮಂದಿಯನ್ನು ಸೇನೆಗೆ ಕರೆಯಲು ಆಗಲೇ ಇಲ್ಲ. ಮುಗಿಯದ ಜನರಾಶಿ ಅನ್ನುವುದು ದೂರದಿಂದ ನೋಡಿದಾಗ ಕಾಣುವ ಚಿತ್ರ.

ವರ್ಷವಾರು ನೋಡಿದರೆ ಇನ್ನೂ ಸ್ಪಷ್ಟವಾಗುತ್ತದೆ. ಸತ್ತವರು, ಕಾಣೆಯಾದವರು, ಸೆರೆಸಿಕ್ಕವರು, ಅಂದರೆ ಸೇನೆಗೆ ಮತ್ತೆ ಸಿಗದೆ ಹೋದವರ ಲೆಕ್ಕ ಇದು. 1941ರ ಬರೀ ಆರು ತಿಂಗಳಲ್ಲಿ 31.37 ಲಕ್ಷ. 1942ರಲ್ಲಿ 32.58 ಲಕ್ಷ. 1943ರಲ್ಲಿ 23.12 ಲಕ್ಷ. 1944ರಲ್ಲಿ 17.64 ಲಕ್ಷ. 1945ರಲ್ಲಿ 8 ಲಕ್ಷ. ಒಟ್ಟು ನಷ್ಟದ ಅರ್ಧಕ್ಕಿಂತ ಜಾಸ್ತಿ ಮೊದಲ ಹದಿನೆಂಟು ತಿಂಗಳಲ್ಲೇ ಆಗಿಹೋಗಿದೆ. ಆ ಹೊತ್ತಿನಲ್ಲಿ ಕೆಂಪು ಸೇನೆ ಮುನ್ನುಗ್ಗುತ್ತಿದ್ದದ್ದಕ್ಕಿಂತ ಹಿಂದೆ ಸರಿಯುತ್ತಿದ್ದದ್ದೇ ಹೆಚ್ಚು. ಇನ್ನೂ ಒಳಗೆ ಹೋಗಿ ನೋಡಿ. 1941ರ ಆ 31 ಲಕ್ಷದಲ್ಲಿ 23 ಲಕ್ಷಕ್ಕೂ ಹೆಚ್ಚು ಮಂದಿ ಕಾಣೆಯಾದವರು ಅಥವಾ ಸೆರೆಸಿಕ್ಕವರು. ನಾಲ್ಕರಲ್ಲಿ ಮೂರು ಪಾಲು! ಇವರು ಮೆಷಿನ್ ಗನ್ ಎದುರಿಗೆ ಸಾಲುಸಾಲಾಗಿ ಓಡಿದವರಲ್ಲ. ಸುತ್ತ ಶತ್ರು ಬಂದು ಮುಚ್ಚಿಕೊಂಡಾಗ ಒಳಗೆ ಸಿಕ್ಕಿಬಿದ್ದವರು.

ಹಾಗಾದರೆ ಕೇಳಬೇಕಾದ ಪ್ರಶ್ನೆ ಬೇರೆ. ಇಷ್ಟು ಜನ ಹೇಗೆ ಸಿಕ್ಕಿಬಿದ್ದರು? ಸಿಕ್ಕಿಬಿದ್ದ ಮೇಲೆ ಏನಾದರು?

ಮೊದಲನೆಯದಕ್ಕೆ ಸ್ವಲ್ಪ ಹಿಂದಕ್ಕೆ ಹೋಗಬೇಕು. ಸ್ಟಾಲಿನ್ ಆಗ ತನ್ನದೇ ಸೇನೆಯಲ್ಲಿ ‘ಶುದ್ಧೀಕರಣ’ ನಡೆಸುತ್ತಿದ್ದ, ಅಂದರೆ ತನಗೆ ಅನುಮಾನ ಇದ್ದವರನ್ನು ತೆಗೆದುಹಾಕುವುದು. 1937ರ ಜೂನ್‌ನಲ್ಲಿ ಮಾರ್ಷಲ್ ತುಖಾಚೆವ್‌ಸ್ಕಿಗೆ ಗುಂಡಿಕ್ಕಿದರು. ಐದು ಜನ ಮಾರ್ಷಲ್‌ಗಳಲ್ಲಿ ಮೂವರು ಎರಡು ವರ್ಷದೊಳಗೆ ಇಲ್ಲವಾದರು. ಅವರ ಜೊತೆ ಸಾವಿರಾರು ಅಧಿಕಾರಿಗಳು ಹೋದರು. ಕೆಲವರಿಗೆ ಗುಂಡು, ಕೆಲವರಿಗೆ ಜೈಲು, ಕೆಲವರಿಗೆ ಬರೀ ವಜಾ. ಕೆಲವರು ಮುಂದೆ ವಾಪಸ್ ಬಂದರು. ಸ್ಟಾಲಿನ್‌ಗ್ರಾಡಿನಲ್ಲಿ ಹೆಸರು ಮಾಡಿದ ರೊಕೊಸೊವ್‌ಸ್ಕಿ ಹಾಗೆ ಜೈಲಿನಿಂದ ಬಂದವನೇ. ಇದೇ ಹೊತ್ತಿನಲ್ಲಿ ಸೇನೆ ಒಂದೇ ಸಮ ಊದಿಕೊಳ್ಳುತ್ತಿತ್ತು. ಮೂರು ವರ್ಷದಲ್ಲಿ ಹದಿನೈದು ಲಕ್ಷದ ಆಸುಪಾಸಿನಿಂದ ಐವತ್ತು ಲಕ್ಷದ ಹತ್ತಿರಕ್ಕೆ ಹೋಯಿತು. ನಿನ್ನೆ ಕಂಪನಿ ನಡೆಸುತ್ತಿದ್ದವನು ಇವತ್ತು ರೆಜಿಮೆಂಟ್ ನಡೆಸಬೇಕು. ಟ್ಯಾಂಕ್‌ಗಳು 20 ಸಾವಿರಕ್ಕೂ ಹೆಚ್ಚು ಇದ್ದವು, ಆದರೆ ಬಹುಪಾಲು ಹಳೆಯವು. ರಿಪೇರಿಗೆ ಬಿಡಿಭಾಗ ಇಲ್ಲ. ಇಂಧನ ಸಾಗಿಸಲು ಲಾರಿ ಸಾಲದು. ಹೆಚ್ಚಿನ ಟ್ಯಾಂಕ್‌ಗಳಲ್ಲಿ ವೈರ್‌ಲೆಸ್ ಕೂಡ ಇರಲಿಲ್ಲ. 1941 ಮುಗಿಯುವ ಹೊತ್ತಿಗೆ 20,500 ಟ್ಯಾಂಕ್ ಹೋಗಿದ್ದವು. ಅದರಲ್ಲಿ ಎಷ್ಟೋ ಶತ್ರುವಿನ ಗುಂಡಿಗೆ ಹೋದವಲ್ಲ. ದಾರಿಯಲ್ಲಿ ಕೆಟ್ಟು ನಿಂತು, ಇಂಧನ ಮುಗಿದು, ಬಿಟ್ಟುಹೋದವು.

ಇಷ್ಟು ಎಲ್ಲಾ ಇತಿಹಾಸದ ಪುಸ್ತಕದಲ್ಲೂ ಸಿಗುತ್ತದೆ. ನನಗೆ ಇದಕ್ಕಿಂತ ದೊಡ್ಡದಾಗಿ ಕಾಣುವುದು ಆ ಶುದ್ಧೀಕರಣ ಬಿಟ್ಟುಹೋದ ಒಂದು ಅಭ್ಯಾಸ. ಕೆಟ್ಟ ಸುದ್ದಿಯನ್ನು ಮೇಲಕ್ಕೆ ಹೇಳಬಾರದು ಅನ್ನುವ ಅಭ್ಯಾಸ.

ದಾಳಿ ಆಗುತ್ತದೆ ಅಂತ ಸ್ಟಾಲಿನ್‌ಗೆ ಹೇಳಿದವರು ಒಬ್ಬಿಬ್ಬರಲ್ಲ. ಟೋಕಿಯೋದಿಂದ ಸೋವಿಯತ್ ಬೇಹುಗಾರ ರಿಖಾರ್ಡ್ ಜೋರ್ಗೆ ಬರೆದ. ಲಂಡನ್ನಿನಿಂದ ಚರ್ಚಿಲ್ ಎಚ್ಚರಿಸಿದ. ಬರ್ಲಿನ್ನಿನ ಬೇಹುಗಾರರು ಜೂನ್ ನಡುವಿನಲ್ಲಿ ಕಳಿಸಿದ ವರದಿಯ ಮೇಲೆ ಸ್ಟಾಲಿನ್ ಬರೆದದ್ದು ಬೈಗುಳ, ಇಲ್ಲಿ ಹೇಳುವಂಥದ್ದಲ್ಲ. 21ರ ಸಂಜೆ ಒಬ್ಬ ಜರ್ಮನ್ ಸೈನಿಕನೇ ನದಿ ದಾಟಿ ಬಂದು ‘ನಾಳೆ ಬೆಳಗಿನ ಜಾವ ಶುರು’ ಅಂತ ಹೇಳಿದ. ಮಾಸ್ಕೋದಿಂದ ಗಡಿಗೆ ಆದೇಶ ಹೊರಟದ್ದು ಮಧ್ಯರಾತ್ರಿ ಆದಮೇಲೆ. ಅದರಲ್ಲೂ ಏನಿತ್ತು ಗೊತ್ತಾ? ಸಿದ್ಧವಾಗಿರಿ, ಆದರೆ ಪ್ರಚೋದನೆಗೆ ಒಳಗಾಗಬೇಡಿ. ಬಹಳ ಕಡೆ ಅದು ತಲುಪುವ ಮೊದಲೇ ಬಾಂಬ್ ಬಿದ್ದಿತ್ತು. ಒಂದೇ ದಿನದಲ್ಲಿ ಸುಮಾರು 1,200 ವಿಮಾನ ಹೋದವು, ಬಹುಪಾಲು ನೆಲದ ಮೇಲೆ ನಿಂತಿದ್ದವೇ. ಅದೇ ಸಂಜೆ ಮಾಸ್ಕೋದಿಂದ ಇನ್ನೊಂದು ಆದೇಶ ಬಂತು. ಎದುರುದಾಳಿ ಮಾಡಿ, ಶತ್ರುವಿನ ನೆಲದೊಳಗೆ ಹೋಗಿ. ಯಾರ ತುಕಡಿ ಎಲ್ಲಿದೆ ಅಂತಲೇ ಗೊತ್ತಿಲ್ಲದ ಹೊತ್ತಿನಲ್ಲಿ!

ಒಂದು ವಾರದೊಳಗೆ ಮಿನ್ಸ್ಕ್ ಬಿತ್ತು. ಪಶ್ಚಿಮ ‘ಮುಂಚೂಣಿ’ಯ (ಹಲವು ಸೇನೆಗಳ ಒಂದು ಕೂಟಕ್ಕೆ ಅಲ್ಲಿ ಹಾಗೆ ಹೆಸರು) ಕಮಾಂಡರ್ ಪಾವ್ಲೊವ್‌ನನ್ನು ಮಾಸ್ಕೋಗೆ ಕರೆಸಿದರು. ಜುಲೈ 22ರಂದು ಗುಂಡಿಕ್ಕಿದರು. ತಪ್ಪು ಅವನದಷ್ಟೇ ಅಲ್ಲ ಅಂತ ಎಲ್ಲ ಜನರಲ್‌ಗಳಿಗೂ ಗೊತ್ತಿತ್ತು. ಅವರು ಕಲಿತ ಪಾಠ ಏನು? ಆದೇಶ ಇಲ್ಲದೆ ಹಿಂದೆ ಸರಿದರೆ ತಲೆ ಹೋಗುತ್ತದೆ. ಆದೇಶದಂತೆ ನಿಂತು ಸೇನೆ ನಾಶವಾದರೆ ತಲೆ ಉಳಿಯಬಹುದು.

ಈ ಪಾಠದ ಬೆಲೆ ಗೊತ್ತಾದದ್ದು ಕೀವ್‌ನಲ್ಲಿ. ಇದನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ. ಯಾಕೆಂದರೆ ಇಡೀ ಕಥೆ ಇಲ್ಲೇ ಇದೆ.

ಜುಲೈ ಕೊನೆಯಲ್ಲೇ ಝುಕೊವ್ ಸ್ಟಾಲಿನ್‌ಗೆ ಹೇಳಿದ. ಕೀವ್ ಬಿಟ್ಟು ದ್ನೀಪರ್ ನದಿಯ ಆಚೆ ದಡಕ್ಕೆ ಸರಿಯೋಣ ಅಂತ. ಸ್ಟಾಲಿನ್ ರೇಗಿದ. ಝುಕೊವ್ ಸೇನಾ ಮುಖ್ಯಸ್ಥನ ಹುದ್ದೆ ಕಳೆದುಕೊಂಡ. ಆಗಸ್ಟ್ ಕೊನೆಗೆ ಜರ್ಮನ್ ಜನರಲ್ ಗುಡೇರಿಯನ್‌ನ ಟ್ಯಾಂಕ್ ಪಡೆ ಮಾಸ್ಕೋ ದಿಕ್ಕು ಬಿಟ್ಟು ದಕ್ಷಿಣಕ್ಕೆ ತಿರುಗಿತು. ಸೆಪ್ಟೆಂಬರ್ 12ಕ್ಕೆ ಕೆಳಗಿನಿಂದ, ಕ್ರೆಮೆನ್‌ಚುಗ್ ಕಡೆಯಿಂದ ಇನ್ನೊಬ್ಬ ಜರ್ಮನ್ ಜನರಲ್ ಕ್ಲೈಸ್ಟ್‌ನ ಟ್ಯಾಂಕ್‌ಗಳು ಮೇಲಕ್ಕೆ ಹೊರಟವು. ಎರಡೂ ಸೇರಿದರೆ ಮಧ್ಯದಲ್ಲಿರುವ ಇಡೀ ನೈಋತ್ಯ ಮುಂಚೂಣಿ ಚೀಲದೊಳಗೆ. ನಕ್ಷೆ ಓದಲು ಬರುವ ಯಾರಿಗಾದರೂ ಇದು ಕಾಣುತ್ತಿತ್ತು.

ಸೆಪ್ಟೆಂಬರ್ 11ರಂದು ಆ ದಿಕ್ಕಿನ ಸೋವಿಯತ್ ಸೇನೆಗಳ ಮುಖ್ಯಸ್ಥ ಮಾರ್ಷಲ್ ಬುದ್ಯೊನ್ನಿ ಹಿಂದೆ ಸರಿಯಲು ಅನುಮತಿ ಕೇಳಿದ. ಅವನನ್ನು ತೆಗೆದು ತಿಮೊಶೆಂಕೊನನ್ನು ಕಳಿಸಿದರು. ಮುಂಚೂಣಿಯ ಚೀಫ್ ಆಫ್ ಸ್ಟಾಫ್ ತುಪಿಕೊವ್ 14ರಂದು ನೇರ ವರದಿ ಕಳಿಸಿದ. ಇನ್ನೆರಡು ದಿನದಲ್ಲಿ ಅನಾಹುತ ಆಗುತ್ತದೆ ಅಂತ. ಅದು ದಿಗಿಲುಬಿದ್ದವನ ವರದಿ ಅಂತ ಮಾಸ್ಕೋ ತಳ್ಳಿಹಾಕಿತು. ಅಷ್ಟರಲ್ಲಿ ಎರಡು ಜರ್ಮನ್ ಪಡೆಗಳು ಲೊಖ್ವಿತ್ಸಾ ಬಳಿ ಕೈ ಸೇರಿಸಿಕೊಂಡವು. 16ರಂದು ತಿಮೊಶೆಂಕೊ ಹಿಂದೆ ಸರಿಯಿರಿ ಅಂತ ಬಾಯಿಮಾತಿನ ಆದೇಶ ಕಳಿಸಿದ. ಅದನ್ನು ತಂದದ್ದು ಕರ್ನಲ್ ದರ್ಜೆಯಿಂದ ಆಗಷ್ಟೇ ಮೇಲೆ ಬಂದಿದ್ದ ಬಾಗ್ರಮ್ಯಾನ್. ಮುಂಚೂಣಿಯ ಕಮಾಂಡರ್ ಕಿರ್ಪೊನೊಸ್ ಏನಂದ? ಕಾಗದದ ಮೇಲೆ ಬರೆದು ಕೊಡಿ ಅಂದ. ಇಲ್ಲವಾದರೆ ಮಾಸ್ಕೋದಿಂದಲೇ ಖಚಿತಪಡಿಸಿ ಅಂದ.

ಇಲ್ಲಿ ಅವನನ್ನು ಬೈಯುವುದು ಸುಲಭ. ಸುತ್ತ ಬೆಂಕಿ ಹತ್ತಿರುವಾಗ ಕಾಗದ ಕೇಳುವವನು ಮೂರ್ಖ ಅಲ್ವಾ ಅನ್ನಿಸುತ್ತದೆ. ಆದರೆ ಪಾವ್ಲೊವ್‌ಗೆ ಗುಂಡಿಕ್ಕಿ ಇನ್ನೂ ಎರಡು ತಿಂಗಳಾಗಿರಲಿಲ್ಲ. ಕಿರ್ಪೊನೊಸ್ ಹೆದರಿದ್ದು ಜರ್ಮನ್ನರಿಗಲ್ಲ ಅಂತ ನನ್ನ ಅಭಿಪ್ರಾಯ. ಮಾಸ್ಕೋದ ಒಪ್ಪಿಗೆ ಬಂದದ್ದು 17ರ ಮಧ್ಯರಾತ್ರಿಯ ಹೊತ್ತಿಗೆ. ಅಷ್ಟರಲ್ಲಿ ಸೇತುವೆಗಳು ಹೋಗಿದ್ದವು, ತುಕಡಿಗಳ ನಡುವೆ ಸಂಪರ್ಕ ಹೋಗಿತ್ತು. 20ರಂದು ಕಿರ್ಪೊನೊಸ್, ತುಪಿಕೊವ್ ಇಬ್ಬರೂ ಶುಮೈಕೊವೊ ಎಂಬಲ್ಲಿ ಒಂದು ತೋಪಿನೊಳಗೆ ಹೋರಾಡುತ್ತಾ ಸತ್ತರು. ಕೀವ್ ರಕ್ಷಣೆಯ ಆ ಇಡೀ ಕಾರ್ಯಾಚರಣೆಯಲ್ಲಿ ಸೋವಿಯತ್ ಲೆಕ್ಕದ ಪ್ರಕಾರವೇ ಸತ್ತು, ಕಾಣೆಯಾಗಿ, ಸೆರೆಸಿಕ್ಕಿ ಹೋದವರು 6.16 ಲಕ್ಷ. ಜರ್ಮನ್ನರು 6.65 ಲಕ್ಷ ಮಂದಿಯನ್ನು ಸೆರೆಹಿಡಿದೆವು ಅಂದರು.

ಮೂರು ವಾರ ಕಳೆಯುವುದರೊಳಗೆ ಮಾಸ್ಕೋ ದಾರಿಯಲ್ಲಿ ವ್ಯಾಜ್ಮಾ, ಬ್ರ್ಯಾನ್‌ಸ್ಕ್ ಬಳಿ ಮತ್ತೆ ಇದೇ ಆಯಿತು. ಅಲ್ಲಿ ಸಿಕ್ಕಿಬಿದ್ದವರಲ್ಲಿ ಮಾಸ್ಕೋದ ಜನಸೇನೆಯ ಹಲವು ಡಿವಿಜನ್‌ಗಳೂ ಇದ್ದವು. ಕಾರ್ಖಾನೆ ಕೆಲಸಗಾರರು, ಮೇಷ್ಟ್ರುಗಳು, ಸಂಗೀತಗಾರರು. ಒಂದರಲ್ಲಿ ಬರಹಗಾರರದ್ದೇ ಒಂದು ಕಂಪನಿ ಇತ್ತು. ಇವರಿಗೆ ತರಬೇತಿಯೂ ಸಾಲದು, ಬಂದೂಕೂ ಸಾಲದು. ‘ಇಬ್ಬರಿಗೊಂದು ಬಂದೂಕು’ ಅನ್ನುವ ಮಾತಿಗೆ ಬುಡ ಇದ್ದರೆ ಇಂಥ ತುಕಡಿಗಳಲ್ಲಿ ಇದೆ, ಇಡೀ ಸೇನೆಯಲ್ಲಿ ಅಲ್ಲ.

ಈಗ ಎರಡನೇ ಪ್ರಶ್ನೆ. ಸಿಕ್ಕಿಬಿದ್ದವರು ಏನಾದರು? ನಮ್ಮಲ್ಲಿ ಈ ಭಾಗ ಬಹಳ ಕಡಿಮೆ ಚರ್ಚೆ ಆಗುತ್ತದೆ. ಯುದ್ಧ ಕೈದಿ ಅಂದರೆ ಬೇಲಿಯೊಳಗೆ ಇದ್ದು ಯುದ್ಧ ಮುಗಿದ ಮೇಲೆ ಮನೆಗೆ ಬರುವವನು ಅಂತ ನಮ್ಮ ಕಲ್ಪನೆ. ಜರ್ಮನ್ನರ ಕೈಯಲ್ಲಿದ್ದ ಬ್ರಿಟಿಷ್, ಅಮೆರಿಕನ್ ಕೈದಿಗಳ ಮಟ್ಟಿಗೆ ಅದು ಹೆಚ್ಚುಕಡಿಮೆ ನಿಜ. ಅವರಲ್ಲಿ ಸತ್ತವರು ನೂರಕ್ಕೆ ನಾಲ್ವರ ಆಸುಪಾಸು. ಸೋವಿಯತ್ ಕೈದಿಗಳ ಲೆಕ್ಕ ಕೇಳಿ. ಜರ್ಮನ್ ದಾಖಲೆಗಳ ಮೇಲೆ ಇತಿಹಾಸಕಾರ ಕ್ರಿಸ್ಟಿಯಾನ್ ಸ್ಟ್ರೈಟ್ ಮಾಡಿದ ಅಧ್ಯಯನದ ಪ್ರಕಾರ ಸೆರೆಸಿಕ್ಕವರು ಸುಮಾರು 57 ಲಕ್ಷ. ಅವರಲ್ಲಿ ಸತ್ತವರು ಸುಮಾರು 33 ಲಕ್ಷ. ಅದರಲ್ಲೂ 20 ಲಕ್ಷ ಮಂದಿ 1942ರ ಫೆಬ್ರವರಿ ಒಳಗೇ ಸತ್ತಿದ್ದರು. ಒಂದೇ ಚಳಿಗಾಲದಲ್ಲಿ.

ಇದು ಅವ್ಯವಸ್ಥೆಯಿಂದ ಆದದ್ದಲ್ಲ. ದಾಳಿಗೆ ಮೊದಲೇ, 1941ರ ಮೇ ತಿಂಗಳಲ್ಲೇ ಹರ್ಬರ್ಟ್ ಬಾಕೆಯಂಥ ಜರ್ಮನ್ ಅಧಿಕಾರಿಗಳು ಲೆಕ್ಕ ಹಾಕಿಟ್ಟಿದ್ದರು. ಜರ್ಮನ್ ಸೇನೆ ಸೋವಿಯತ್ ನೆಲದ ಆಹಾರವನ್ನೇ ತಿನ್ನಬೇಕು, ಅದರಿಂದ ಕೋಟ್ಯಂತರ ಜನ ಹಸಿವಿನಿಂದ ಸಾಯುತ್ತಾರೆ, ಸಾಯಲಿ. ಜೂನ್ 6ರ ಜರ್ಮನ್ ಆದೇಶದಲ್ಲಿ ಸೆರೆಸಿಕ್ಕ ಕಮಿಸಾರರನ್ನು (ಕೆಂಪು ಸೇನೆಯೊಳಗಿನ ಪಕ್ಷದ ಅಧಿಕಾರಿಗಳನ್ನು) ಅಲ್ಲೇ ಕೊಲ್ಲಬೇಕು ಅಂತ ಬರೆದಿತ್ತು. ಶಿಬಿರ ಅಂದರೆ ಬಯಲಿಗೆ ಮುಳ್ಳುತಂತಿ ಅಷ್ಟೇ. ಮೇಲೆ ಸೂರಿಲ್ಲ. ಕೈದಿಗಳು ಹುಲ್ಲು, ಮರದ ತೊಗಟೆ ತಿಂದರು. ನವೆಂಬರ್‌ನಲ್ಲಿ ಜರ್ಮನ್ ಸೇನೆಯ ಸರಬರಾಜು ಮುಖ್ಯಸ್ಥ ವಾಗ್ನರ್ ಸಭೆಯಲ್ಲೇ ಹೇಳಿದ, ಕೆಲಸ ಮಾಡಲಾಗದ ಕೈದಿಗಳು ಹಸಿದು ಸಾಯಬೇಕು ಅಂತ. ಆಶ್‌ವಿಟ್ಜ್‌ನಲ್ಲಿ ಜೈಕ್ಲಾನ್ ಬಿ ವಿಷಾನಿಲವನ್ನು ಶುರುವಿನಲ್ಲೇ ಪ್ರಯೋಗ ಮಾಡಿದ್ದು ಸೋವಿಯತ್ ಕೈದಿಗಳ ಮೇಲೆ, 1941ರ ಸೆಪ್ಟೆಂಬರ್‌ನಲ್ಲಿ.

ಸೋವಿಯತ್ ದೇಶ ಕೈದಿಗಳ ಬಗೆಗಿನ 1929ರ ಜಿನೀವಾ ಒಪ್ಪಂದಕ್ಕೆ ಸಹಿ ಹಾಕಿರಲಿಲ್ಲ, ಹಾಗಾಗಿ ಹೀಗಾಯಿತು ಅಂತ ಕೆಲವರು ವಾದ ಮಾಡುತ್ತಾರೆ. ಈ ವಾದ ಸುಳ್ಳು. ಎದುರಿನವನು ಸಹಿ ಹಾಕದಿದ್ದರೂ ಸಹಿ ಹಾಕಿದವನು ಪಾಲಿಸಬೇಕು ಅಂತ ಆ ಒಪ್ಪಂದದಲ್ಲೇ ಇದೆ. ಜರ್ಮನಿ ಸಹಿ ಹಾಕಿತ್ತು.

‘ಸ್ಟಾಲಿನ್ ಜನರನ್ನು ನೂಕಿ ಕೊಂದ’ ಅನ್ನುವ ಉತ್ತರದ ಬಗ್ಗೆ ನನ್ನ ತಕರಾರು ಇದೇ. 86 ಲಕ್ಷ ಅಂತಲೋ ಅದಕ್ಕಿಂತ ಜಾಸ್ತಿ ಅಂತಲೋ ಲೆಕ್ಕ ಹೇಳುವಾಗ ಅದರೊಳಗೆ ಈ ಕೈದಿಗಳೂ ಇದ್ದಾರೆ. ಅವರನ್ನು ಚೀಲದೊಳಗೆ ನಿಲ್ಲಿಸಿದ್ದು ಸ್ಟಾಲಿನ್. ಕೊಂದದ್ದು ಹಿಟ್ಲರನ ಸೇನೆ. ಯುದ್ಧ ಮುಗಿದ ಮೇಲೆ ಜರ್ಮನ್ ಜನರಲ್‌ಗಳು ಆತ್ಮಕಥೆ ಬರೆದರು. ರಷ್ಯನ್ನರ ‘ಜನಸಾಗರ’ದ ಬಗ್ಗೆ ಪುಟಗಟ್ಟಲೆ ಬರೆದರು. ತಮ್ಮ ಶಿಬಿರಗಳ ಬಗ್ಗೆ ಹೆಚ್ಚೇನೂ ಹೇಳಲಿಲ್ಲ. ನಾವು ನಂಬಿಕೊಂಡು ಬಂದದ್ದು ಅವರ ಕಥೆಯನ್ನು.

ಸ್ಟಾಲಿನ್ ಕೂಡ ಈ ಕೈದಿಗಳನ್ನು ಕೈಬಿಟ್ಟ. 1941ರ ಆಗಸ್ಟ್ 16ರ 270ನೇ ಆದೇಶದ ಪ್ರಕಾರ ಶರಣಾದ ಅಧಿಕಾರಿ ದ್ರೋಹಿ, ಅವನ ಮನೆಯವರನ್ನು ಬಂಧಿಸಬಹುದು. ಶರಣಾದ ಸಾಮಾನ್ಯ ಸೈನಿಕನ ಮನೆಯವರಿಗೆ ಸರ್ಕಾರದ ಸಹಾಯ ನಿಲ್ಲುತ್ತದೆ. ಸ್ಟಾಲಿನ್‌ನ ಮಗ ಯಾಕೊವ್ ಸೆರೆಸಿಕ್ಕಿದ್ದು ಅದಕ್ಕೂ ಒಂದು ತಿಂಗಳ ಹಿಂದೆ. ಅವನು 1943ರಲ್ಲಿ ಜಾಕ್ಸೆನ್‌ಹೌಸನ್ ಶಿಬಿರದಲ್ಲಿ ಸತ್ತ.

1942ಕ್ಕೆ ಬರೋಣ. ಪಾಠ ಕಲಿತರಾ? ಇಲ್ಲ. ಮೇ ತಿಂಗಳಲ್ಲಿ ಖಾರ್ಕೊವ್ ಮೇಲೆ ತಿಮೊಶೆಂಕೊ ದಾಳಿ ಮಾಡಿದ. 17ರಂದು ಕ್ಲೈಸ್ಟ್ ಪಕ್ಕದಿಂದ ಹೊಡೆದ. ಮಾಸ್ಕೋದ ಸೇನಾ ಕಚೇರಿಯ ವಾಸಿಲೆವ್‌ಸ್ಕಿ ದಾಳಿ ನಿಲ್ಲಿಸೋಣ ಅಂದ. ಮುಂಚೂಣಿಯಿಂದ ಏನೂ ತೊಂದರೆ ಇಲ್ಲ ಅಂತ ವರದಿ ಬಂತು. ಸ್ಟಾಲಿನ್ ಮುಂದುವರಿಸಿ ಅಂದ. 19ರಂದು ದಾಳಿ ನಿಲ್ಲಿಸಲು ಅನುಮತಿ ಬರುವ ಹೊತ್ತಿಗೆ ಕಾಲ ಮೀರಿತ್ತು. ಎರಡೂವರೆ ವಾರದಲ್ಲಿ 1.7 ಲಕ್ಷ ಮಂದಿ ಸತ್ತರು ಇಲ್ಲವೇ ಸೆರೆಸಿಕ್ಕರು.

ಅದೇ ವರ್ಷ ಮಾಸ್ಕೋದ ಪಶ್ಚಿಮಕ್ಕೆ ರ್ಝೆವ್ ಸುತ್ತ ಮುಗಿಯದ ದಾಳಿಗಳು ನಡೆದವು. ಇಲ್ಲಿ ಮಾತ್ರ ಸಿನಿಮಾದ ಚಿತ್ರ ನಿಜಕ್ಕೆ ಹತ್ತಿರ ಬರುತ್ತದೆ. ಜನವರಿಯಿಂದ ಏಪ್ರಿಲ್‌ವರೆಗಿನ ಒಂದೇ ಕಾರ್ಯಾಚರಣೆಯಲ್ಲಿ ಸತ್ತವರು, ಕಾಣೆಯಾದವರು ಸೇರಿ 2.72 ಲಕ್ಷ. ಗಾಯಾಳುಗಳು, ಕಾಯಿಲೆ ಬಿದ್ದವರು ಐದು ಲಕ್ಷ. ಕಾರ್ಖಾನೆಗಳು ಆಗಷ್ಟೇ ಉರಲ್ ಪರ್ವತದ ಆಚೆಗೆ ಸಾಗಿದ್ದವು. ಮದ್ದುಗುಂಡು ಇರಲಿಲ್ಲ. ಆ ಚಳಿಗಾಲದಲ್ಲಿ ಒಂದು ಫಿರಂಗಿಗೆ ದಿನಕ್ಕೆ ಒಂದೆರಡು ಗುಂಡು ಸಿಗುತ್ತಿತ್ತು ಅಂತ ಝುಕೊವ್ ಮುಂದೆ ನೆನಪಿಸಿಕೊಂಡಿದ್ದಾನೆ. ಫಿರಂಗಿ ಸುಮ್ಮನಿದ್ದರೆ ಕಾಲಾಳು ಸಾಯುತ್ತಾನೆ. ಅಷ್ಟು ಸರಳ.

ಕಾಲಾಳುಗಳನ್ನು ಮುಂದೆ ಬಿಡುವ ರೀತಿಯೂ ಸರಿಯಿರಲಿಲ್ಲ. ಒಂದು ಸಾಲಿನ ಹಿಂದೆ ಇನ್ನೊಂದು ಸಾಲು. ಮುಂದಿನ ಸಾಲಿಗೆ ಬೀಳುವ ಗುಂಡು ಹಿಂದಿನ ಸಾಲಿಗೂ ಬೀಳುತ್ತದೆ, ಹಿಂದಿನವರು ಒಂದು ಗುಂಡನ್ನೂ ಹಾರಿಸುವ ಮೊದಲೇ. ಪ್ಲಟೂನ್ ಕಮಾಂಡರ್ ಎಲ್ಲರಿಗಿಂತ ಮುಂದೆ ಓಡಬೇಕು ಅಂತ ನಿಯಮ. ಕೆಲವೇ ತಿಂಗಳ ಕೋರ್ಸ್ ಮುಗಿಸಿ ಬಂದ ಹುಡುಗ ಲೆಫ್ಟಿನೆಂಟ್ ಮೊದಲ ದಾಳಿಯಲ್ಲೇ ಬೀಳುತ್ತಿದ್ದ. ಆಮೇಲೆ ತುಕಡಿಗೆ ದಿಕ್ಕು ಹೇಳುವವರಿಲ್ಲ. 1942ರ ಅಕ್ಟೋಬರ್ 8ರ 306ನೇ ಆದೇಶ ಇದನ್ನು ಬದಲಿಸಿತು. ಸಾಲಿನ ಹಿಂದೆ ಸಾಲು ಬೇಡ, ಕಮಾಂಡರ್ ಹಿಂದೆ ನಿಂತು ನಡೆಸಲಿ ಅಂತ. ಮರುದಿನವೇ ಇನ್ನೊಂದು ಆದೇಶ ಬಂತು, ಕಮಾಂಡರ್ ತೀರ್ಮಾನಕ್ಕೆ ಪಕ್ಷದ ಕಮಿಸಾರನ ಸಹಿ ಇನ್ನು ಬೇಡ ಅಂತ.

ನಷ್ಟ ಇಳಿಯಲು ಶುರುವಾದದ್ದು ಇಲ್ಲಿಂದ ಅನ್ನುವುದು ನನ್ನ ಎಣಿಕೆ. 1943ರ ಏಪ್ರಿಲ್‌ನಲ್ಲಿ ಝುಕೊವ್ ಕುರ್ಸ್ಕ್‌ನಲ್ಲಿ ನಾವು ಮೊದಲು ಹೊಡೆಯುವುದು ಬೇಡ, ಅವರು ಬಂದು ಸುಸ್ತಾಗಲಿ ಅಂದ. ಈ ಸಲ ಸ್ಟಾಲಿನ್ ಒಪ್ಪಿದ. ಎರಡು ವರ್ಷದ ಹಿಂದೆ ಇದೇ ಥರ ಹೇಳಿದ್ದಕ್ಕೆ ಹುದ್ದೆ ಹೋಗಿತ್ತು!

ಅತ್ತ ಹಿಟ್ಲರನಿಗೆ ಇದೇ ಕಾಯಿಲೆ ಹತ್ತಿತು. ಸ್ಟಾಲಿನ್‌ಗ್ರಾಡಿನಲ್ಲಿ ಸುತ್ತುವರಿಯಲ್ಪಟ್ಟ ತನ್ನ ಜನರಲ್ ಪೌಲಸ್‌ಗೆ ಹೊರಬರಲು ಬಿಡಲಿಲ್ಲ. 1944ರಲ್ಲಿ ಬೆಲಾರುಸ್‌ನ ಊರುಗಳನ್ನು ಕೋಟೆ ಅಂತ ಕರೆದು ಬಿಡಬೇಡಿ ಅಂದ. ಜರ್ಮನ್ ಸೇನೆಯ ಸಾವುಗಳಲ್ಲಿ ದೊಡ್ಡ ಪಾಲು ಯುದ್ಧದ ಕೊನೆಯ ಹತ್ತು ತಿಂಗಳಲ್ಲೇ ಆದದ್ದು.

ಕೊನೆಯ ವರ್ಷಗಳಲ್ಲೂ ಕೆಂಪು ಸೇನೆಯಲ್ಲಿ ಸಾವು ಕಡಿಮೆ ಅಂತಲ್ಲ. ಬಿಡಿಸಿಕೊಂಡ ಊರುಗಳ ಗಂಡಸರನ್ನು ಹಿಡಿದು, ತರಬೇತಿ ಇಲ್ಲದೆ ತುಕಡಿಗೆ ಸೇರಿಸಿದ್ದಿದೆ. 1943ರ ಶರತ್ಕಾಲದಲ್ಲಿ ದ್ನೀಪರ್ ದಾಟುವಾಗ ದೋಣಿ, ತೆಪ್ಪ ಬರುವವರೆಗೂ ಕಾಯಲಿಲ್ಲ. ಮರದ ದಿಮ್ಮಿ, ಪೀಪಾಯಿ, ಸಿಕ್ಕಿದ್ದು ಹಿಡಿದು ದಾಟಿದರು. ಬರ್ಲಿನ್ ವಿಷಯದಲ್ಲಂತೂ ನನಗೆ ಸಮಾಧಾನವೇ ಇಲ್ಲ. 1945ರ ಏಪ್ರಿಲ್ 16ರಿಂದ ಮೂರು ವಾರದಲ್ಲಿ 78 ಸಾವಿರ ಸೋವಿಯತ್ ಸೈನಿಕರು ಸತ್ತರು. ಯುದ್ಧ ಗೆದ್ದಾಗಿತ್ತು. ಆದರೆ ತನ್ನ ಮಾರ್ಷಲ್‌ಗಳಾದ ಝುಕೊವ್, ಕೊನೆವ್ ಇಬ್ಬರಲ್ಲಿ ಬರ್ಲಿನ್‌ಗೆ ಯಾರು ಮೊದಲು ಅಂತ ಸ್ಟಾಲಿನ್ ಪೈಪೋಟಿ ಹಚ್ಚಿದ್ದ.

ಇನ್ನು ಪ್ರಶ್ನೆಗಳು.

ಒಬ್ಬರು ಕೇಳಿದರು: ‘ಒಂದು ಹೆಜ್ಜೆಯೂ ಹಿಂದಿಲ್ಲ’ ಅನ್ನುವ ಆದೇಶ, ಹಿಂದೆ ನಿಂತ ಕಾವಲು ಪಡೆ, ಇವೆಲ್ಲ ಸುಳ್ಳಾ?

ಸುಳ್ಳಲ್ಲ. 1942ರ ಜುಲೈ 28ರ 227ನೇ ಆದೇಶ ಅದು. ಆ ವರ್ಷ ಆಗಸ್ಟ್ 1ರಿಂದ ಅಕ್ಟೋಬರ್ 15ರವರೆಗಿನ ವರದಿ ಇದೆ. ಕಾವಲು ಪಡೆಗಳು ತಡೆದು ನಿಲ್ಲಿಸಿದ್ದು 1,40,755 ಮಂದಿಯನ್ನು. ಗುಂಡಿಕ್ಕಿದ್ದು 1,189 ಮಂದಿಗೆ. 1,31,094 ಮಂದಿಯನ್ನು ಅವರವರ ತುಕಡಿಗೆ ವಾಪಸ್ ಕಳಿಸಿದರು. ಬೆನ್ನಿಗೆ ಮೆಷಿನ್ ಗನ್ ಹೊಡೆಯುವುದಕ್ಕಿಂತ ಹಿಡಿದು ತಿರುಗಿ ಕಳಿಸುವುದೇ ಅವರ ಮುಖ್ಯ ಕೆಲಸ. ಹಾಗಂತ ಆ ಸೇನೆ ಮೃದುವಾಗಿತ್ತು ಅಂದುಕೊಳ್ಳಬೇಡಿ. ಇಡೀ ಯುದ್ಧದಲ್ಲಿ ಸೇನಾ ನ್ಯಾಯಾಲಯಗಳು ಒಂದೂವರೆ ಲಕ್ಷಕ್ಕೂ ಹೆಚ್ಚು ಮಂದಿಗೆ ಮರಣದಂಡನೆ ಕೊಟ್ಟವು. ದಂಡನೆಯ ತುಕಡಿಗಳಿಗೆ ಹೋದವರು 4.28 ಲಕ್ಷ. ಇದು ಭಯಂಕರ. ಆದರೂ 86 ಲಕ್ಷಕ್ಕೆ ಇದು ಕಾರಣ ಅಲ್ಲ.

ಇನ್ನೊಬ್ಬರ ಪ್ರಶ್ನೆ: ಈ ಸಂಖ್ಯೆಗಳನ್ನು ನಂಬಬಹುದಾ?

ಒಳ್ಳೆಯ ಪ್ರಶ್ನೆ. 1946ರಲ್ಲಿ ಸ್ಟಾಲಿನ್ ದೇಶದ ಒಟ್ಟು ನಷ್ಟವೇ 70 ಲಕ್ಷ ಅಂದಿದ್ದ. 1961ರಲ್ಲಿ ಕ್ರುಶ್ಚೇವ್ 2 ಕೋಟಿ ಅಂದ. 1990ರಲ್ಲಿ ಗೊರ್ಬಚೆವ್ ಸುಮಾರು 2.7 ಕೋಟಿ ಅಂದ. ಸೈನಿಕರ ಹೆಸರು, ಊರು ಬರೆದಿಡುವ ಪುಟ್ಟ ಕೊಳವೆಗಳನ್ನು 1942ರ ನವೆಂಬರ್‌ನಲ್ಲಿ ಸೇನೆ ಕೈಬಿಟ್ಟಿತು. ಕೊಳವೆ ಇದ್ದಾಗಲೂ ಚೀಟಿ ತುಂಬಿದರೆ ಸಾವು ಬರುತ್ತದೆ ಅಂತ ಎಷ್ಟೋ ಸೈನಿಕರು ಖಾಲಿ ಬಿಟ್ಟಿದ್ದರು. ಕೀವ್, ವ್ಯಾಜ್ಮಾಗಳಲ್ಲಿ ಹಾಜರಿ ಪುಸ್ತಕ ಇಟ್ಟವರೇ ಸತ್ತರು, ಪುಸ್ತಕವೂ ಸುಟ್ಟುಹೋಯಿತು. 2007ರಲ್ಲಿ ರಷ್ಯಾದ ರಕ್ಷಣಾ ಇಲಾಖೆ ಹೆಸರುಗಳ ದೊಡ್ಡ ದತ್ತಾಂಶವನ್ನು ಅಂತರ್ಜಾಲಕ್ಕೆ ಹಾಕಿತು. ಅದರಲ್ಲಿ ಒಬ್ಬನೇ ಸೈನಿಕ ಎರಡು ಮೂರು ಕಡೆ ಸಿಗುತ್ತಾನೆ, ಕೆಲವರು ಸಿಗುವುದೇ ಇಲ್ಲ. ಕ್ರಿವೊಶೇವ್ ಲೆಕ್ಕ ಕಡಿಮೆ ಆಯಿತು, ಸೈನಿಕರ ಸಾವೇ 1 ಕೋಟಿ ದಾಟುತ್ತದೆ ಅನ್ನುವ ಇತಿಹಾಸಕಾರರು ಇದ್ದಾರೆ. ಅವರ ಮುಖ್ಯ ತಕರಾರು 1941ರ ಕೈದಿಗಳ ಬಗ್ಗೆ. ಸೋವಿಯತ್ ಕಡತದಲ್ಲಿ ಕಾಣೆಯಾದವರು, ಸೆರೆಸಿಕ್ಕವರು ಎಲ್ಲಾ ಸೇರಿ ಇಡೀ ಯುದ್ಧಕ್ಕೆ 45.6 ಲಕ್ಷ. ಜರ್ಮನ್ ಕಡತದಲ್ಲಿ ಬರೀ ಕೈದಿಗಳೇ 57 ಲಕ್ಷ. ನಡುವಿನ ಈ ಹನ್ನೊಂದು ಲಕ್ಷ ಯಾರು ಅನ್ನುವುದರ ಮೇಲೆ ಜಗಳ ಇನ್ನೂ ನಡೆಯುತ್ತಿದೆ. ಬದುಕಿ ಬಂದ ಕೈದಿಗಳಿಗೆ ಉಳಿದ ಮಾಜಿ ಸೈನಿಕರಿಗಿದ್ದ ಹಕ್ಕುಗಳನ್ನು ರಷ್ಯಾ ಪೂರ್ತಿಯಾಗಿ ಕೊಟ್ಟದ್ದು ಯೆಲ್ತ್ಸಿನ್ ಕಾಲದ ಆದೇಶದಲ್ಲಿ, 1995ರ ಜನವರಿಯಲ್ಲಿ.